ಏಳು ಸ್ಥಿತಿ, ಹತ್ತು ಸ್ಥಿತಿ

ಸಿಂಧನೂರು
೧೪ ಸೆಪ್ಟೆಂಬರ್ ೨೦೨೪

ಶೈಲಾ,

ನಿನ್ನ ಕ್ಷೇಮ ವಿಚಾರಿಸುವ ಮನಸ್ಸು ಇವತ್ತು ನನಗಿಲ್ಲ. ಮೂರು ದಿನದಿಂದ ಫೋನ್ ಹಚ್ಚಿ ಹಚ್ಚಿ ಸಾಕಾಯಿತು, ನೀನು ಎತ್ತುತ್ತಿಲ್ಲ. ಪತ್ರವಾದರೆ ನಿನ್ನ ಅಂಗಡಿಯ ಮೇಜಿನ ಮೇಲೆ ಬಂದು ಕುಳಿತುಕೊಳ್ಳುತ್ತದೆ. ಬೇರೆಯವರ ಕಾಗದ ಓದುವುದೇ ನಿನ್ನ ಕಸುಬು, ನಿನಗೇ ಬಂದದ್ದನ್ನು ಒಡೆಯದೆ ಇರಲಾರೆ.

ನನ್ನ ಪಿಎಚ್.ಡಿ. ಪ್ರಬಂಧ ವಾಪಸ್ ಬಂದಿದೆ. ಹೊರಗಿನ ಪರೀಕ್ಷಕರು ಉದ್ದಕ್ಕೆ ಏನೂ ಬರೆದಿಲ್ಲ. "ಮೂರನೇ ಅಧ್ಯಾಯದ ಮುಖ್ಯ ಪ್ರಮೇಯ ತಪ್ಪು. ನಾಲ್ಕು ಅಕ್ಷರಗಳಲ್ಲೇ ಮುರಿದು ಬೀಳುತ್ತದೆ" ಎಂದಷ್ಟೇ. ಮಾರ್ಚ್ ಮೂವತ್ತೊಂದರೊಳಗೆ ತಿದ್ದಿ ಕೊಡದಿದ್ದರೆ ನೋಂದಣಿ ರದ್ದು. ರದ್ದಾದರೆ ಕಾಯಂ ಹುದ್ದೆಯ ಆಸೆಯೂ ಅಲ್ಲಿಗೇ ಮುಗಿಯಿತು. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಉಳಿದ ಅತಿಥಿಯನ್ನು ನೀನು ಎಲ್ಲಾದರೂ ನೋಡಿದ್ದೀಯಾ? ಈ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಎಂಬ ಹೆಸರಿನಲ್ಲಿ ನಾನಿದ್ದೇನೆ. ಪ್ರತಿ ಜೂನ್‌ನಲ್ಲಿ ಹೊಸ ಅರ್ಜಿ ಹಿಡಿದು ಅದೇ ಬಾಗಿಲಲ್ಲಿ ನಿಲ್ಲುತ್ತೇನೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ನಾನೆಷ್ಟು ದಡ್ಡಿ ಎಂದು ನನ್ನ ಕಣ್ಣಿಗೇ ಕಾಣಬೇಕು. ಗೊರೇಬಾಳದಲ್ಲಿ ನಿಮ್ಮ ಹೊಲದ ತೂಬನ್ನೇ ಹಿಡಿ. ನಾಲ್ಕು ಹೊಲ: ಅ, ಬ, ಕ, ಡ. ಕಾಲುವೆಯ ನೀರು ಇದೇ ಅನುಕ್ರಮದ ಪಾಳಿಯ ಪ್ರಕಾರ ಬರುತ್ತದೆ. ಯಾರು ಯಾರ ಜೊತೆ ಪಾಳಿ ಅದಲುಬದಲು ಮಾಡಿಕೊಳ್ಳಬಹುದು ಎಂಬುದನ್ನು ಒಂದು ಗ್ರೂಪ್, ಅಂದರೆ ಒಪ್ಪಿತ ಅದಲುಬದಲುಗಳ ಪಟ್ಟಿ, ಹೇಳುತ್ತದೆ. ಒಪ್ಪಿಗೆಯಿರುವ ಪ್ರತಿ ಅನುಕ್ರಮವೂ ಒಂದು ಪದ, ಆ ಪದಗಳೆಲ್ಲ ಸೇರಿ ಒಂದು ಭಾಷೆ. ತೂಬಿನ ಬಳಿ ಒಂದು ಯಂತ್ರ ಕುಳಿತಿದೆ ಎಂದುಕೋ. ಒಬ್ಬೊಬ್ಬರೇ ನೀರು ಹಾಯಿಸಿಕೊಂಡು ಹೋಗುವುದನ್ನು ನೋಡಿ, ಪಾಳಿ ಸರಿಯಿತ್ತೋ ಇಲ್ಲವೋ ಎಂದು ಅದು ಕೊನೆಗೆ ಹೇಳಬೇಕು. ಅದಕ್ಕಾಗಿ ಅದು ಇಟ್ಟುಕೊಳ್ಳಬೇಕಾದ ಒಂದೊಂದು ನೆನಪೂ ಒಂದು ಸ್ಥಿತಿ. ಮುಂದೆ ಬರಬಹುದಾದದ್ದು ಒಂದೇ ಆಗಿದ್ದರೆ, ಹಿಂದೆ ನಡೆದದ್ದು ಬೇರೆಯಾಗಿದ್ದರೂ ಎರಡನ್ನೂ ಒಂದೇ ಸ್ಥಿತಿಯಲ್ಲಿ ಸೇರಿಸಬಹುದು. ಹಾಗೆ ಸೇರಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಅತಿ ಸಣ್ಣ ಯಂತ್ರ. ಅದರ ಸ್ಥಿತಿಗಳನ್ನು ಎಣಿಸುವುದರಲ್ಲಿ ನನ್ನ ಎಂಟು ವರ್ಷ ಹೋದವು.

ಯಾವ ಹೊಲಕ್ಕೆ ಯಾವ ಅಕ್ಷರದ ಹೆಸರಿಟ್ಟರೂ ಸ್ಥಿತಿಗಳ ಸಂಖ್ಯೆ ಬದಲಾಗದು ಎಂದು ನಾನು ಬರೆದೆ. ಗ್ರೂಪಿನಲ್ಲಿ ಹೆಸರು ಲೆಕ್ಕಕ್ಕಿಲ್ಲ ಎಂದು ಎಂ.ಎಸ್ಸಿ.ಯ ಮೊದಲ ವಾರವೇ ತಲೆಯಲ್ಲಿ ತುಂಬಿದ್ದರು. ಅದರ ಮೇಲೆ ಇಡೀ ಅಧ್ಯಾಯ ಕಟ್ಟಿದೆ. ಆದರೆ ಎಣಿಸಿ ನೋಡು: ಅ–ಬ ತಮ್ಮೊಳಗೆ ಬದಲಾಗಬಹುದು, ಕ–ಡ ತಮ್ಮೊಳಗೆ ಬದಲಾಗಬಹುದು ಎಂದರೆ ಏಳು ಸ್ಥಿತಿ. ಅ–ಕ ಬದಲಾಗಬಹುದು, ಬ–ಡ ಬದಲಾಗಬಹುದು ಎಂದರೆ ಹತ್ತು. ಗ್ರೂಪ್ ಅದೇ, ಹೆಸರು ಮಾತ್ರ ಬೇರೆ. ಜೋಡಿ ಪಕ್ಕಪಕ್ಕದಲ್ಲಿದ್ದರೆ ಮೊದಲ ಜೋಡಿ ಮುಗಿದ ಕೂಡಲೇ ಅವರನ್ನು ಮರೆತುಬಿಡಬಹುದು. ಒಂದು ಬಿಟ್ಟು ಒಂದು ಇದ್ದರೆ ಇಬ್ಬರ ಪಾಳಿ ಮುಗಿದ ಮೇಲೂ ಎರಡೂ ಜೋಡಿಯಲ್ಲಿ ಯಾರು ಬಾಕಿ ಎಂದು ನೆನಪಿಡಬೇಕು. ಇಷ್ಟೇ. ಪದವಿ ತರಗತಿಯ ಹುಡುಗಿಗೆ ಹೇಳಿದ್ದರೂ ಹತ್ತು ನಿಮಿಷದಲ್ಲಿ ಕಂಡುಹಿಡಿಯುತ್ತಿದ್ದಳು.

ಇಷ್ಟಕ್ಕೇ ಆಗಿದ್ದರೆ ನನ್ನನ್ನು ನಾನೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಮೊನ್ನೆ ಹಳೆಯ ಕರಡು ಪ್ರತಿಗಳನ್ನು ಟ್ರಂಕಿನಿಂದ ತೆಗೆದೆ. ಎರಡು ವರ್ಷದ ಹಿಂದೆ ನೀನು ಟೈಪ್ ಮಾಡಿಕೊಟ್ಟ ಪ್ರತಿ. ಅರವತ್ತೊಂದನೇ ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತಿತ್ತು: "ಅಬ, ಕಡ – 7. ಅಕ, ಬಡ – 10." ಏಳಕ್ಕೆ ನಡುವೆ ಗೆರೆ ಎಳೆಯುವವಳು ನಮ್ಮ ಕ್ಲಾಸಿನಲ್ಲಿ ನೀನೊಬ್ಬಳೇ.

ನಿನಗೆ ಗೊತ್ತಿತ್ತು. ಎರಡು ವರ್ಷ ಗೊತ್ತಿತ್ತು. ಸಲ್ಲಿಸುವ ಹಿಂದಿನ ದಿನ ನಿನ್ನ ಅಂಗಡಿಯಲ್ಲೇ ಬೈಂಡ್ ಮಾಡಿಸಿ, ನಿನ್ನ ಬಾಯಿಗೇ ಪೇಢಾ ಇಟ್ಟು ಬಂದೆನಲ್ಲ. ಆ ಪೇಢಾ ಹೇಗೆ ನುಂಗಿದೆ?

ಉತ್ತರ ಬರೆ. ಬರೆಯದಿದ್ದರೆ ನಾನೇ ಲಿಂಗಸೂಗೂರಿಗೆ ಬಂದು ನಿನ್ನ ಅಂಗಡಿಯ ಮುಂದೆ ನಿಂತು ಕೂಗುತ್ತೇನೆ.

ಯಾವ ವಿಶ್ವಾಸವೂ ಉಳಿಯದ,
ವಸೀಮಾ


ಲಿಂಗಸೂಗೂರು
೨೯ ಸೆಪ್ಟೆಂಬರ್ ೨೦೨೪

ವಸೀಮಾ,

ಹೌದು. ಗೊತ್ತಿತ್ತು.

ನೀನು ಬಂದು ಕೂಗಿದರೂ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅಂಗಡಿ ಇರುವುದು ಕೋರ್ಟಿನ ಎದುರಿಗೆ, ದಿನಕ್ಕೆ ನಾಲ್ಕು ಜನ ಬಂದು ಕೂಗಿ ಹೋಗುತ್ತಾರೆ.

ಆ ಕಾಗದದ ಕಟ್ಟನ್ನು ತಂದು ನನ್ನ ಮೇಜಿನ ಮೇಲೆ ಹಾಕಿದ ದಿನ ನೀನು ಏನು ಹೇಳಿದೆ, ನೆನಪಿದೆಯಾ? ನಿನಗೆ ಇರಲಿಕ್ಕಿಲ್ಲ. ನನಗಿದೆ. "ಶೈಲಾ, ಫಾರ್ಮುಲಾ ಕೆಡದಂಗ ಟೈಪ್ ಮಾಡಿಕೊಡ ಬೇ, ಅರ್ಥ ಗಿರ್ಥ ನೋಡಾಕ ಹೋಗಬ್ಯಾಡ, ಟೈಮಿಲ್ಲ." ಅಂಗಡಿಯಲ್ಲಿ ಆಗ ಇಬ್ಬರು ವಕೀಲರು, ಜಮೀನಿನ ಪತ್ರ ತಂದ ಒಬ್ಬ ಮುದುಕ ಇದ್ದರು. ಅವರೂ ನನಗೆ ಅದನ್ನೇ ಹೇಳುತ್ತಾರೆ. ಅರ್ಥ ನೋಡಬೇಡ ಮೇಡಂ, ಟೈಪ್ ಮಾಡು. ನಾನು ಟೈಪ್ ಮಾಡಿದೆ.

ಆದರೂ ಅರ್ಥ ನೋಡದೆ ಇರಲಾಗಲಿಲ್ಲ. ಅರವತ್ತೊಂದನೇ ಪುಟಕ್ಕೆ ಬಂದಾಗ ಕೈ ನಿಂತಿತು. ಗಿರಾಕಿಗಳನ್ನು ಕಾಯಿಸಿ, ಕರೆಂಟ್ ಬಿಲ್ಲಿನ ಹಿಂದೆ ನಾಲ್ಕು ಅಕ್ಷರ ಬರೆದು ಎಣಿಸಿದೆ. ಅರ್ಧ ಗಂಟೆಯೂ ಬೇಕಾಗಲಿಲ್ಲ. ನಮ್ಮ ಬ್ಯಾಚಿಗೆ ಮೊದಲು ಬಂದವಳು ನಾನು ಎಂಬುದನ್ನು ನೀನು ಮರೆತಿದ್ದೀಯ. ಗೈಡ್ ಹತ್ತಿರ ಒಂದೇ ಸೀಟು ಇತ್ತು, ಆ ವರ್ಷವೇ ನನಗೆ ಮದುವೆಯಾಯಿತು, ಸೀಟು ನಿನಗೆ ಹೋಯಿತು. ಅದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿಜವಾಗಿ ಇಲ್ಲ.

ಸಿಟ್ಟು ಯಾವುದಕ್ಕೆ ಎಂದು ಹೇಳುತ್ತೇನೆ. ಮೊದಲ ಅಧ್ಯಾಯದಲ್ಲಿ ನೀನು ಬರೆದೆ: "ಈ ಪ್ರಶ್ನೆಯನ್ನು ಮಾರ್ಗದರ್ಶಕರು ಸೂಚಿಸಿದರು." ಸೂಚಿಸಿದ್ದು ನಿನ್ನ ಗೈಡಾ? ಗೊರೇಬಾಳದ ನಮ್ಮ ಹೊಲದ ಬದುವಿನ ಮೇಲೆ ಕಾಲು ಇಳಿಬಿಟ್ಟು ಕುಳಿತು, ನಮ್ಮಪ್ಪ ಸೂಗಪ್ಪ ಪಾಳಿಯ ನಿಯಮ ಹೇಳುತ್ತಿದ್ದಾಗ, "ಇದಕ್ಕ ಒಂದು ಯಂತ್ರ ಕಟ್ಟಿದ್ರ ಎಷ್ಟು ನೆನಪಿಟ್ಟುಕೋಬೇಕಾಗ್ತದಪಾ ಅದು" ಎಂದು ಕೇಳಿದ್ದು ಯಾರು? ನಾನು. ನೀನು ಪಕ್ಕದಲ್ಲಿ ಕುಳಿತು ಹಸಿ ಕಡಲೆಕಾಯಿ ತಿನ್ನುತ್ತಿದ್ದೆ. ಆ ವಾಕ್ಯವನ್ನೂ ನಾನೇ ಟೈಪ್ ಮಾಡಿದೆ.

ಕೊನೆಗೆ ಕೃತಜ್ಞತೆಯ ಪುಟ. ದೇವರು, ಗೈಡ್, ಕಾಲೇಜು, ಅಬ್ಬಾ, ಅಮ್ಮಿ, ಲೈಬ್ರರಿಯವರು. ಎಲ್ಲರೂ ಮುಗಿದ ಮೇಲೆ, "ಅಚ್ಚುಕಟ್ಟಾಗಿ ಟೈಪ್ ಮಾಡಿಕೊಟ್ಟ ಲಿಂಗಸೂಗೂರಿನ ಶೈಲಜಾ ಅವರಿಗೆ." ಅವರಿಗೆ! ಐದು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳನ್ನು ನೀನು ಅವರು ಎಂದೆ. ಅದನ್ನೂ ನನ್ನ ಬೆರಳೇ ಟೈಪ್ ಮಾಡಿತು. ಕಾಗುಣಿತ ತಪ್ಪಿಲ್ಲ, ನೋಡಿಕೋ.

ಅಂಚಿನಲ್ಲಿ ಗುರುತು ಹಾಕಿಯೇ ಕೊಟ್ಟೆ. ನೋಡಿದ್ದರೆ ಉಳಿಯುತ್ತಿದ್ದೆ. ಟೈಪಿಸ್ಟ್ ಹಾಕಿದ ಗುರುತನ್ನು ಯಾರು ನೋಡುತ್ತಾರೆ?

ಅಂಗಡಿ ತೆರೆಯುವ ಹೊತ್ತಾಯಿತು.

ಶೈಲಜಾ (ಅವರು)


ಸಿಂಧನೂರು
೮ ಅಕ್ಟೋಬರ್ ೨೦೨೪

ಶೈಲಾ,

ಕೃತಜ್ಞತೆಯ ಪುಟದಲ್ಲಿ ತಪ್ಪು ಮಾಡಿದೆ. ಒಪ್ಪಿದೆ. ಆ ಪುಟದ ಮಾದರಿಯನ್ನು ಹಿಂದಿನ ಯಾರದೋ ಪ್ರಬಂಧದಿಂದ ಇಳಿಸಿಕೊಂಡೆ, ಹೆಸರು ಮಾತ್ರ ಬದಲಿಸಿದೆ. ಪ್ರಶ್ನೆ ಯಾರದು ಎಂದು ಬರೆಯುವಾಗ ಗೈಡ್ ಪಕ್ಕದಲ್ಲೇ ಕುಳಿತಿದ್ದರು. ನನಗೆ ಧೈರ್ಯ ಸಾಲಲಿಲ್ಲ. ಅದೂ ತಪ್ಪೇ.

ಆದರೆ ಒಂದು ಮಾತು ಹೇಳು. ನಾನು ನಿನ್ನ ಹೆಸರನ್ನು ಸಣ್ಣದು ಮಾಡಿದೆ, ಅದಕ್ಕೆ ನೀನು ನನ್ನ ಎಂಟು ವರ್ಷವನ್ನು ಹಳ್ಳಕ್ಕೆ ಹಾಕಿದೆ. ಎರಡೂ ಸಮವೇ? ಅಂಚಿನಲ್ಲಿ ಗುರುತು ಹಾಕಿದೆಯಂತೆ. ಅದೇನು ಗುರುತೇ! ಬಿಸಿಲಿಗೆ ಹಿಡಿದು ನೋಡಿದರೂ ಕಾಣುವುದಿಲ್ಲ. ನೀನು ಬರೆದದ್ದು ನಾನು ನೋಡಲಿ ಎಂದಲ್ಲ, ನಾಳೆ ನಾನು ಕೇಳಿದರೆ "ಹೇಳಿದ್ದೆನಲ್ಲ" ಎಂದು ಹೇಳುವುದಕ್ಕೆ ಬರೆದೆ. ಕೋರ್ಟಿನ ಎದುರು ಕುಳಿತು ಕುಳಿತು ನಿನಗೂ ವಕೀಲರ ಬುದ್ಧಿ ಬಂದಿದೆ. ಬಾಯಿ ಬಿಟ್ಟು "ವಸೀಮಾ, ತಪ್ಪೈತಿ ಬೇ" ಎನ್ನಲು ಎಷ್ಟು ಉಸಿರು ಬೇಕಿತ್ತು?

ಕಾಗದದಲ್ಲಿ ಜಗಳ ಸಾಕು. ಇಪ್ಪತ್ತೇಳಕ್ಕೆ ಭಾನುವಾರ ಅಮ್ಮಿಯನ್ನು ನೋಡಲು ಮಸ್ಕಿಗೆ ಹೋಗುತ್ತೇನೆ. ನಿನಗೂ ನನಗೂ ನಡುವಿನ ಊರು ಅದೇ. ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿಗೆ ಬಾ. ಮುಖ ನೋಡಿ ಬೈಯಬೇಕು.

ವಸೀಮಾ


ಲಿಂಗಸೂಗೂರು
೪ ನವೆಂಬರ್ ೨೦೨೪

ವಸೀಮಾ,

ಬೈದೆಯಲ್ಲ, ತೃಪ್ತಿಯಾಯಿತಾ? ನನಗೆ ಆಗಿಲ್ಲ. ನಾನು ಮನೆಯಿಂದ ಹೊರಟಾಗ ಯೋಚಿಸಿಟ್ಟುಕೊಂಡಿದ್ದ ಒಳ್ಳೊಳ್ಳೆಯ ಮಾತುಗಳೆಲ್ಲ ಬಸ್ಸಿನಲ್ಲೇ ಉಳಿದವು. ನಿನ್ನ ಮುಖ ಕಂಡ ಕೂಡಲೇ ಬರೀ ಕೂಗಾಟ ಬಂತು.

"ನೀ ನನ್ನ ಗೆಳತಿ ಅಂತ ತಿಳಕೊಂಡಿದ್ನಲ್ಲೇ!" ಎಂದೆ ನೀನು.

"ಗೆಳತಿನ ಯಾರರ ಟೈಪಿಂಗಿಗೆ ಇಟ್ಕೊಂತಾರೇನ್ಲೇ?" ಎಂದೆ ನಾನು.

"ಇಡೀ ಜಿಲ್ಲಾದಾಗ ಆ ಫಾರ್ಮುಲಾ ಟೈಪ್ ಮಾಡಾಕ ಬರೋದು ನಿನಗೊಬ್ಬಾಕಿಗೇ, ಮತ್ತ್ಯಾರಿಗೆ ಕೊಡಲಿ?"

"ಟೈಪ್ ಮಾಡಾಕ ಬರೋದು ಯಾಕಂದ್ರ ನನಗದು ತಿಳಿತೈತಿ. ಅದು ನಿನ್ನ ತಲಿಗೆ ಹೊಳಿಲೇ ಇಲ್ಲಲ್ಲ!"

ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಅಂಬಮ್ಮ ಮಧ್ಯೆ ಬಾಯಿ ಹಾಕಿದಳು. "ಹೊಲದ ಜಗಳೇನ್ರವಾ? ಎಷ್ಟು ಎಕರೆ?" ನೀನು ತಿರುಗಿ, "ಎಕರೆ ಗೊತ್ತಿಲ್ಲಬೇ, ನಾಕ ಹೊಲ" ಎಂದೆ. ಆಕೆ, "ನಾಕ ಹೊಲಕ್ಕ ಇಷ್ಟು ಒದರ್ಯಾಡ್ತೀರಿ? ಸಮ ಹಂಚಿಕೊಳ್ರಿ" ಎಂದಳು. ಅರೆಗಳಿಗೆ ನಿನಗೂ ನಗು ಬಂದಿತ್ತು, ನನಗೂ ಬಂದಿತ್ತು. ಇಬ್ಬರೂ ನಗಲಿಲ್ಲ. ಸಿಂಧನೂರಿನ ಬಸ್ ಬಂತು, ನೀನು ಅಮ್ಮಿಯ ಮನೆಗೂ ಹೋಗದೆ ಹತ್ತಿ ಹೋದೆ. ನಿನ್ನ ಅಮ್ಮಿ, ಮಾಸುಂಬಿ ಚಿಗವ್ವ, ಮಧ್ಯಾಹ್ನ ನನಗೇ ಫೋನ್ ಮಾಡಿದಳು: "ಅಡಿಗಿ ಮಾಡಿ ಕುಂತೀನವ್ವಾ, ನೀವಿಬ್ಬರೂ ಎಲ್ಲಿ ಹೋದ್ರಿ?" ಸುಳ್ಳು ಹೇಳಿದೆ. ನಿನ್ನ ಸಲುವಾಗಿ ಹೇಳಿದ ಸುಳ್ಳು, ಅದನ್ನೂ ಬರೆದಿಟ್ಟುಕೋ.

ಈಗ ಬಸ್‌ಸ್ಟ್ಯಾಂಡಿನಲ್ಲಿ ಹೇಳದೆ ಉಳಿದದ್ದು. ನೀನು ಕಾಗದದಲ್ಲಿ ಬರೆದದ್ದು ನಿಜ. ನೀನು ನೋಡಲಿ ಎಂದು ನಾನು ಆ ಗುರುತು ಹಾಕಲಿಲ್ಲ. ಮೊದಲು ಗಟ್ಟಿಯಾಗಿಯೇ ಬರೆದಿದ್ದೆ. ಆಮೇಲೆ ರಬ್ಬರಿನಿಂದ ಒರೆಸಿ ಮತ್ತೆ ತೆಳ್ಳಗೆ ಬರೆದೆ. ತಪ್ಪು ಕಂಡ ಆ ಮಧ್ಯಾಹ್ನ ನನಗೆ ಸಂತೋಷವಾಯಿತು ವಸೀಮಾ. ನಾಚಿಕೆಗೆಟ್ಟ ಸಂತೋಷ. ಹತ್ತು ವರ್ಷದಲ್ಲಿ ಮೊದಲ ಸಲ ನಿನಗೆ ಬಾರದ್ದು ನನಗೆ ಬಂದಿತ್ತು, ಅದು ನನ್ನೊಬ್ಬಳಿಗೇ ಗೊತ್ತಿತ್ತು. ಎರಡು ವರ್ಷ ಅದನ್ನು ಒಳಗೇ ಇಟ್ಟುಕೊಂಡು ಸಾಕಿದೆ. ನೀನು ಪೇಢಾ ತಂದ ದಿನ ಹೇಳಬೇಕೆಂದು ಬಾಯಿ ತೆರೆದೆ. ಆ ತೆರೆದ ಬಾಯಿಗೇ ನೀನು ಪೇಢಾ ಇಟ್ಟೆ.

ಇದಕ್ಕೆ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ಆಮೇಲೆ ಜೀವನವಿಡೀ ನಾನು ನಿನ್ನ ಮುಂದೆ ತಲೆ ತಗ್ಗಿಸಿಕೊಂಡು ಇರಬೇಕು.

ಶೈಲಜಾ


ಸಿಂಧನೂರು
೨೨ ಡಿಸೆಂಬರ್ ೨೦೨೪

ಶೈಲಾ,

ನಿನ್ನ ಪತ್ರವನ್ನು ಹರಿದು ಹಾಕಿದೆ. ಆಮೇಲೆ ತುಂಡುಗಳನ್ನು ಜೋಡಿಸಿ ಮತ್ತೆ ಓದಿದೆ. ಅದಕ್ಕೇ ಇಷ್ಟು ದಿನ.

ಗೈಡ್ ಕೈ ತೊಳೆದುಕೊಂಡಿದ್ದಾರೆ. "ಆ ಪ್ರಮೇಯದ ಜಾಗಕ್ಕೆ ಸರಿಯಾದದ್ದೊಂದು ತಗೊಂಬರ್ರಿ, ಸಹಿ ಮಾಡ್ತೀನಿ" ಎಂದರು. ಸಂತೆಯಲ್ಲಿ ಸಿಗುತ್ತದೆ ಎಂಬಂತೆ ಹೇಳಿದರು. ತಪ್ಪು ಅವರ ಕಣ್ಣಿಗೂ ಬಿದ್ದಿರಲಿಲ್ಲ ಎಂಬುದನ್ನು ಯಾರೂ ಕೇಳುವುದಿಲ್ಲ. ಸ್ಟಾಫ್ ರೂಮಿನಲ್ಲಿ ನಾನು ಹೋದ ಕೂಡಲೇ ಮಾತು ನಿಲ್ಲುತ್ತದೆ. ನನಗಿಂತ ನಾಲ್ಕು ವರ್ಷ ಆಮೇಲೆ ಬಂದ ಜಾಹೀದ್ ಸರ್, "ಹೋಗ್ಲಿ ಬಿಡ್ರಿ ಮೇಡಂ, ಹೆಣ್ಣುಮಕ್ಕಳಿಗೆ ಇಷ್ಟು ಓದು ಸಾಕಲ್ಲ" ಎಂದ. ಕೈಯಲ್ಲಿದ್ದ ಡಸ್ಟರನ್ನು ಅವನ ಟೇಬಲ್ಲಿಗೆ ಬಡಿದೆ. ಬಿಳಿ ಅಂಗಿಯೆಲ್ಲ ಸೀಮೆಸುಣ್ಣದ ಪುಡಿಯಾಯಿತು. ಇಡೀ ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ನನ್ನ ಕೈಲಿ ಈಗಿರುವುದು ಬರೀ ಜೋಡಿಗಳ ಲೆಕ್ಕ. ಇಬ್ಬಿಬ್ಬರೇ ಬದಲಾಗುವ ಹೊಲಗಳಿದ್ದರೆ, ಪಾಳಿ ಎಲ್ಲಿ ನಿಂತರೂ, ಅರ್ಧಕ್ಕೆ ನಿಂತ ಒಂದೊಂದು ಜೋಡಿಗೂ ನೆನಪು ಎರಡರಷ್ಟಾಗುತ್ತದೆ. ಪೂರ್ತಿಯಾದ ಜೋಡಿಗೆ ನೆನಪೇ ಬೇಡ. ಮೂರು ಜೋಡಿಯಲ್ಲಿ ಅತಿ ಕಡಿಮೆ ಹತ್ತು ಸ್ಥಿತಿ, ಅತಿ ಹೆಚ್ಚು ಇಪ್ಪತ್ತೆರಡು. ಇದನ್ನು ಸರಿಯಾಗಿ ಸಾಧಿಸಿದ್ದೇನೆ. ಆದರೆ ಸಣ್ಣದು. ಒಂದು ಅಧ್ಯಾಯದ ಭಾರ ಹೊರುವಂಥದ್ದಲ್ಲ.

ಹೋದ ವಾರ ಗೊರೇಬಾಳಕ್ಕೆ ಹೋಗಿದ್ದೆ. ನಿನ್ನನ್ನು ಕೇಳದೆ. ಪ್ರಶ್ನೆ ಹುಟ್ಟಿದ ಜಾಗಕ್ಕೆ ಹೋದರೆ ಏನಾದರೂ ಹೊಳೆಯಬಹುದು ಎಂದುಕೊಂಡೆ. ಸೂಗಪ್ಪ ಕಾಕಾ ಭತ್ತದ ರಾಶಿಯ ಹತ್ತಿರ ಇದ್ದರು. ನನ್ನನ್ನು ನೋಡಿದವರೇ, "ನೀನೂ ಬಂದ್ಯಾ? ಶೈಲಾ ಎಳ್ಡು ವರ್ಷದಿಂದ ತಿಂಗಳಿಗೊಮ್ಮೆ ಬಂದು ಇಲ್ಲೇ ಬದುವಿನ ಮ್ಯಾಲ ಕುಂತು ಬರಕೋತ ಇರ್ತಾಳ. ಯಾರ ಪಾಳಿ ಯಾರಿಗೆ ಅಂತ ನನ್ನ ಕೇಳಿ ಕೇಳಿ ತಲಿ ತಿಂತಾಳ" ಎಂದರು.

ಎರಡು ವರ್ಷದಿಂದ! ತಪ್ಪು ಕಂಡವಳು ಅಲ್ಲಿಗೇ ನಿಲ್ಲಲಿಲ್ಲ, ಮುಂದಕ್ಕೂ ಹೋಗಿದ್ದಾಳೆ. ನಾನು ಕೊಳೆತ ಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ನೀನು ಬೇರೆ ಮನೆಯನ್ನೇ ಕಟ್ಟುತ್ತಿದ್ದೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಕಾಕಾ ಕೊಟ್ಟ ನೀರನ್ನೂ ಕುಡಿಯದೆ ಎದ್ದು ಬಂದೆ. ಅವರಿಗೆ ಬೇಸರವಾಗಿರಬೇಕು. ನನ್ನ ಪರವಾಗಿ ಹೇಳು.

ನಾನು ನಿನ್ನಿಂದ ಏನನ್ನೂ ಕೇಳುತ್ತಿಲ್ಲ. ಕೇಳುವುದಿಲ್ಲ. ಗೊತ್ತಾಯಿತು ಎಂದು ತಿಳಿಸಲು ಬರೆದೆ.

ವಸೀಮಾ


ಲಿಂಗಸೂಗೂರು
೧೮ ಫೆಬ್ರುವರಿ ೨೦೨೫

ವಸೀಮಾ,

ಕೇಳುವುದಿಲ್ಲ ಎಂದು ಎರಡು ಸಲ ಬರೆಯುವುದೂ ಒಂದು ಕೇಳುವಿಕೆಯೇ. ಇರಲಿ.

ಇದರ ಜೊತೆ ಏಳು ಪುಟಗಳಿವೆ. ಜೋಡಿಗಳಷ್ಟೇ ಅಲ್ಲ, ಎಲ್ಲ ಗ್ರೂಪುಗಳಿಗೂ. ತಮ್ಮತಮ್ಮೊಳಗೆ ಜಾಗ ಬದಲಿಸಿಕೊಳ್ಳುವವರನ್ನು ಒತ್ತೊತ್ತಿಗೆ ಇಡು, ಹಾಗಿಟ್ಟ ಗುಂಪುಗಳನ್ನು ಯಾವ ಅನುಕ್ರಮದಲ್ಲಾದರೂ ಜೋಡಿಸು, ಅದಕ್ಕಿಂತ ಸಣ್ಣ ಯಂತ್ರ ಬೇರೆ ಯಾವ ಹೆಸರಿಡುವಿಕೆಯಲ್ಲೂ ಸಿಗದು. ನಿನ್ನ ಮೂರನೇ ಅಧ್ಯಾಯದಲ್ಲಿ ಖಾಲಿಯಾದ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಕೂರುವಂತೆಯೇ ಟೈಪ್ ಮಾಡಿದ್ದೇನೆ, ನಿನ್ನ ಅಧ್ಯಾಯದ ಅಕ್ಷರಗಾತ್ರ, ನಿನ್ನ ಪ್ರಮೇಯದ ಸಂಖ್ಯೆ, ಎಲ್ಲ ಅದೇ. ನನ್ನ ಹೆಸರು ಎಲ್ಲೂ ಇಲ್ಲ. ನಿನ್ನ ಹೆಸರು ಹಾಕಿಕೋ. ಅದು ನಿನಗೆ ಬರುತ್ತದೆ.

ಇದನ್ನು ನಾನು ಪ್ರೀತಿಯಿಂದ ಕೊಡುತ್ತಿದ್ದೇನೆ ಎಂದುಕೊಳ್ಳಬೇಡ. ಕೈಯಲ್ಲಿಟ್ಟುಕೊಂಡು ಏನು ಮಾಡಲಿ? ನನಗೆ ಗೈಡ್ ಇಲ್ಲ, ಕಾಲೇಜು ಇಲ್ಲ, ಕಳಿಸಿದರೆ ಯಾವ ಪತ್ರಿಕೆಯವರು ನೋಡುತ್ತಾರೆ? ವಿಳಾಸದ ಜಾಗದಲ್ಲಿ ಏನು ಬರೆಯಲಿ, ಕೋರ್ಟ್ ಎದುರಿಗಿನ ಝೆರಾಕ್ಸ್ ಅಂಗಡಿ ಎಂದೇ? ಮೊನ್ನೆ ನಮ್ಮ ಮನೆಯವರು ಈ ಹಾಳೆಗಳ ಮೇಲೆ ಚಹಾದ ಲೋಟ ಇಟ್ಟಿದ್ದರು. ನಾನು ಕಿರುಚಿದ್ದಕ್ಕೆ, "ಗಿರಾಕಿದೇನು? ಮತ್ತೊಂದು ಪ್ರಿಂಟ್ ತೆಗಿ" ಎಂದರು. ಎರಡು ವರ್ಷದ ಕೆಲಸ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತಪ್ಪು ಅವರದಲ್ಲ, ನಾನು ಹೇಳಿಲ್ಲ. ಹೇಳದೆ ಇರುವುದು ನನಗೆ ರೂಢಿಯಾಗಿಬಿಟ್ಟಿದೆ.

ಇದು ನಿನ್ನ ಜಾಗಕ್ಕೆ ಹೋದರೆ ಒಂದು ಡಾಕ್ಟರೇಟಾದರೂ ಹುಟ್ಟುತ್ತದೆ. ನೀನು ಕಾಯಂ ಆಗುತ್ತೀ. ನಾನು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅಲ್ಲಿಗೆ ಸರಿಹೋಯಿತು. ಆಮೇಲೆ ನೀನು ಯಾರೋ, ನಾನು ಯಾರೋ. ಮತ್ತೆ ಬರೆಯಬೇಡ. ಇದು ನಾನು ನಿನಗೆ ಮಾಡಿಕೊಡುವ ಕೊನೆಯ ಟೈಪಿಂಗ್.

ಶೈಲಜಾ


ಸಿಂಧನೂರು
೨೬ ಮಾರ್ಚ್ ೨೦೨೫
ಸಂಜೆ ಐದೂಕಾಲು

ಶೈಲಾ,

ಬರೆಯಬೇಡ ಎಂದೆ. ಬರೆಯುತ್ತೇನೆ.

ಮೊದಲು ನನ್ನ ಕೆಟ್ಟತನ ಹೇಳಿಬಿಡುತ್ತೇನೆ. ನಿನ್ನ ಏಳು ಪುಟ ಬಂದ ದಿನ ಅವನ್ನು ಗೋಡೆಗೆ ಎಸೆದೆ. ಯಾರಿಗೆ ಬೇಕು ನಿನ್ನ ಭಿಕ್ಷೆ ಎಂದು ಒಬ್ಬಳೇ ಕೂಗಿದೆ. ಮಾರ್ಚ್ ಹತ್ತರ ಹೊತ್ತಿಗೆ ಗೋಡೆಯ ಬುಡದಿಂದ ಆರಿಸಿ ತಂದು ಮೇಜಿನ ಮೇಲಿಟ್ಟೆ. ಇಪ್ಪತ್ತಕ್ಕೆ ಓದತೊಡಗಿದೆ. ನಿನ್ನೆಯಿಂದ ನನ್ನ ಪೆನ್ನಿನಲ್ಲಿ, ನನ್ನ ಕೈಬರಹದಲ್ಲಿ ಇಳಿಸಿಕೊಳ್ಳತೊಡಗಿದೆ. ಕೈಯಲ್ಲಿ ಬರೆದರೆ ನನ್ನದು ಎಂದು ನನಗೇ ಅನ್ನಿಸಲಿ ಎಂದು. ಹೌದು, ಕದಿಯಲು ಕುಳಿತಿದ್ದೆ. ನಾಲ್ಕು ಪುಟ ಇಳಿಸಿದ್ದೆ. ಚೆನ್ನಾಗಿದೆ ಶೈಲಾ. ಎರಡನೇ ಪುಟದಲ್ಲಿ ನೀನು ಒಂದು ಗುಂಪು ಮುಗಿದ ಜಾಗದಲ್ಲಿ ಯಂತ್ರವನ್ನು ಕತ್ತರಿಸುತ್ತೀಯಲ್ಲ, ಅದು ನನಗೆ ಇನ್ನೂ ಎಂಟು ವರ್ಷ ಕೊಟ್ಟರೂ ಹೊಳೆಯುತ್ತಿರಲಿಲ್ಲ. ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಬರೆಯುತ್ತಾ ಹೋದೆ.

ಇವತ್ತು ನಾಲ್ಕು ಗಂಟೆಗೆ ಐದನೇ ಪುಟಕ್ಕೆ ಬಂದೆ.

ಮೂರನೇ ಸಾಲು: "ಗುಂಪುಗಳನ್ನು ಯಾವ ಅನುಕ್ರಮದಲ್ಲಿ ಇಟ್ಟರೂ ಸ್ಥಿತಿಗಳ ಸಂಖ್ಯೆ ಒಂದೇ." ಇದು ತಪ್ಪು.

ಆರು ಹೊಲ ತೆಗೆದುಕೋ. ಅ–ಬ ಅಣ್ಣತಮ್ಮ, ಕ–ಡ ಅವರ ಬೀಗರ ಮನೆಯ ಅಣ್ಣತಮ್ಮ, ಇ–ಫ ಯಾರಿಗೂ ಸಂಬಂಧವಿಲ್ಲದ ಇಬ್ಬರು. ನಿಮ್ಮ ತೂಬಿನಲ್ಲೇ ಇರುವ ಪದ್ಧತಿ: ಅ–ಬ ಪಾಳಿ ಬದಲಿಸಿಕೊಂಡರೆ ಕ–ಡ ಕೂಡ ಬದಲಿಸಿಕೊಳ್ಳಲೇಬೇಕು, ಒಬ್ಬರು ಬದಲಿಸದಿದ್ದರೆ ಇನ್ನೊಬ್ಬರೂ ಬದಲಿಸುವಂತಿಲ್ಲ, ಇಲ್ಲದಿದ್ದರೆ ಬೀಗರಲ್ಲಿ ಮನಸ್ತಾಪ. ಸೂಗಪ್ಪ ಕಾಕಾ ನಮ್ಮಿಬ್ಬರಿಗೂ ಹೇಳಿದ್ದರು. ಇ–ಫ ತಮಗೆ ಬೇಕಾದಂತೆ ಬದಲಾಗಬಹುದು. ಈಗ ಅಬ, ಕಡ, ಇಫ ಎಂದು ಇಟ್ಟು ಎಣಿಸು. ಹನ್ನೊಂದು ಸ್ಥಿತಿ. ಅಬ, ಇಫ, ಕಡ ಎಂದು ಇಟ್ಟು ಎಣಿಸು. ಹದಿನಾಲ್ಕು. ಸಂಬಂಧವಿಲ್ಲದವರು ನಡುವೆ ಬಂದು ಕುಳಿತರೆ, ಅವರ ಪಾಳಿ ಮುಗಿಯುವವರೆಗೂ ಅಣ್ಣತಮ್ಮಂದಿರ ಸುದ್ದಿಯನ್ನು ಯಂತ್ರ ಮರೆಯುವಂತಿಲ್ಲ. ನೀನು ಗುಂಪಿನ ಒಳಗೆ ನೋಡಿದೆ, ಗುಂಪು ಗುಂಪಿನ ನಡುವಿನ ಸಂಬಂಧ ನೋಡಲಿಲ್ಲ. ನಾನು ಮಾಡಿದ ತಪ್ಪೇ, ಒಂದು ಮೆಟ್ಟಿಲು ಮೇಲೆ ಮಾಡಿದ್ದೀಯ. ಯಾವ ಅನುಕ್ರಮವಾದರೂ ಸರಿ ಎಂದು ಬರೆಯುವಾಗ ನಮ್ಮಿಬ್ಬರ ಕೈಯೂ ಒಂದೇ ಥರ ಸಲೀಸಾಗಿ ಓಡುತ್ತದೆ.

ನಾಲ್ಕೂವರೆಯವರೆಗೆ ಮೂರು ಸಲ ಎಣಿಸಿದೆ. ಮೊದಲ ಸಲ ನನಗೂ ಸಂತೋಷವಾಯಿತು. ನೀನು ಬರೆದಿದ್ದೆಯಲ್ಲ, ನಾಚಿಕೆಗೆಟ್ಟ ಸಂತೋಷ, ಅದೇ. ಅದು ಎಷ್ಟು ರುಚಿ ಎಂದು ಈಗ ಗೊತ್ತಾಯಿತು. ಒಳಗೆ ಇಟ್ಟುಕೊಂಡು ಕೂರಬಹುದಿತ್ತು. ಸುಮ್ಮನಿದ್ದು, ನೀನು ಎಲ್ಲಿಗಾದರೂ ಕಳಿಸಿ ವಾಪಸ್ ಬರುವವರೆಗೆ ಕಾಯಬಹುದಿತ್ತು. ಇನ್ನೂ ಸುಲಭವಾದದ್ದು, ಆ ಸಾಲನ್ನು ಹಾಗೇ ಇಟ್ಟು ನನ್ನ ಹೆಸರು ಹಾಕಿ ಕೊಟ್ಟುಬಿಡುವುದು. ಐದು ದಿನ ಉಳಿದಿದೆ, ಗೈಡ್ ಓದುವುದಿಲ್ಲ, ಪರೀಕ್ಷಕರಿಗೂ ಎರಡನೇ ಸಲ ಅಷ್ಟು ತಾಳ್ಮೆ ಇರಲಿಕ್ಕಿಲ್ಲ.

ನಾನು ಇಳಿಸಿಕೊಂಡ ನಾಲ್ಕು ಪುಟಗಳನ್ನು ಒಲೆಗೆ ಹಾಕಿದೆ. ನಿನ್ನ ಏಳು ಪುಟ ಇದರ ಜೊತೆ ಇವೆ. ಐದನೇ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದೇನೆ, ದಪ್ಪಗೆ, ಹಾಳೆಯ ಹಿಂಬದಿಗೂ ಇಂಕು ಇಳಿದಿದೆ. ಕಾಣಲಿಲ್ಲ ಎಂದು ನೀನು ಹೇಳುವಂತಿಲ್ಲ.

ಮೂವತ್ತೊಂದಕ್ಕೆ ನಾನು ಕೊಡುವುದು ಜೋಡಿಗಳ ಲೆಕ್ಕ ಮಾತ್ರ. ಅದರ ಮೊದಲ ಸಾಲು ಹೀಗಿದೆ: "ಈ ಪ್ರಶ್ನೆ ಗೊರೇಬಾಳದ ಶೈಲಜಾಳದು, ನನ್ನ ಮೊದಲ ಪ್ರಮೇಯ ತಪ್ಪೆಂದು ತೋರಿಸಿದವಳೂ ಅವಳೇ." ಗೈಡ್ ಸಹಿ ಹಾಕಲು ಮುಖ ಸಿಂಡರಿಸುತ್ತಾರೆ, ಗೊತ್ತು. ಹಾಕುವವರೆಗೂ ನಾನು ಕುರ್ಚಿಯಿಂದ ಏಳುವುದಿಲ್ಲ. ಅಧ್ಯಾಯ ಸಣ್ಣದು, ಸಾಕಾಗಲಿಕ್ಕಿಲ್ಲ. ಸಾಕಾಗದಿದ್ದರೆ ಜೂನ್‌ನಲ್ಲಿ ಮತ್ತೆ ಅರ್ಜಿ ಹಿಡಿದು ಆ ಬಾಗಿಲಲ್ಲಿ ನಿಲ್ಲುತ್ತೇನೆ. ಹೆದರಿಕೆ ಆಗುತ್ತಿದೆ. ಅದನ್ನೂ ಮುಚ್ಚಿಡುವುದಿಲ್ಲ.

ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಆರು ಗಂಟೆಗೆ ಲಿಂಗಸೂಗೂರಿನ ಬಸ್ ಇದೆ. ಕಂಡಕ್ಟರ್ ರಫೀಕ್ ನನ್ನ ಹಳೆಯ ವಿದ್ಯಾರ್ಥಿ, ಅವನ ಕೈಯಲ್ಲಿ ಕೊಡುತ್ತೇನೆ, ನೀನು ಅಂಗಡಿ ಮುಚ್ಚುವ ಮೊದಲು ಮುಟ್ಟುತ್ತದೆ. ತಪ್ಪು ಕಂಡದ್ದು ನಾಲ್ಕಕ್ಕೆ. ನಿನಗೆ ತಿಳಿಯುವುದು ಎಂಟಕ್ಕೆ. ನಾಲ್ಕು ತಾಸು. ಎರಡು ವರ್ಷ ಅಲ್ಲ, ನಾಲ್ಕು ತಾಸು ಶೈಲಾ.

ತಿದ್ದು. ನಿನ್ನ ಹೆಸರಿನಲ್ಲೇ ತಿದ್ದು.

ವಸೀಮಾ